ಸಾಲ ಕೊಡುವ ದಿನವೇ ಕಾಗದ ಆಗಲಿ: ಪ್ರೋನೋಟು, ಚೆಕ್ಕು, ಜಾಮೀನು, ಭೋಗ್ಯ ಸರಿಯಾಗಿ ಮಾಡಿಕೊಳ್ಳುವುದು ಹೇಗೆ

ನಮ್ಮ ಸೋದರಮಾವ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಒಂದು ದಿನ ಬೆಳಿಗ್ಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಪ್ರೋನೋಟು, ಅಂದರೆ ಸಾಲ ವಾಪಸು ಕೊಡುತ್ತೇನೆ ಅಂತ ಸಾಲಗಾರರು ಸಹಿ ಹಾಕಿದ ಕಾಗದ, ಹಿಡಿದುಕೊಂಡು, ತುಮಕೂರಿನಲ್ಲಿ ನಾನು ಕೆಲಸ ಮಾಡುವ ವಕೀಲರ ಆಫೀಸಿಗೆ ಬಂದರು. ಮೂರು ಲಕ್ಷ ರೂಪಾಯಿ. ಬೋರ್‌ವೆಲ್ ಕೊರೆಸೋಕೆ ಅಂತ ಸ್ನೇಹಿತರಿಗೆ ಕೊಟ್ಟಿದ್ದು. "ನೋಡಪ್ಪಾ, ಒಂದು ಮಡಿಕೆ ಕೂಡ ಬೀಳದ ಹಾಗೆ ಬೀರುವಿನಲ್ಲಿ ಇಟ್ಟಿದ್ದೀನಿ" ಅಂದರು. ನಾನು ಮೊದಲು ನೋಡಿದ್ದು ತಾರೀಖು. ಬರೆದು ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಹಿಂದೆ ತಿರುಗಿಸಿ ನೋಡಿದೆ, ಖಾಲಿ. ಎರಡು ವರ್ಷ ತಿಂಗಳು ತಿಂಗಳೂ ಬಡ್ಡಿ ಬಂದಿದೆ, ಆದರೆ ಎಲ್ಲ ಕೈಗೆ ನಗದು. ಎಲ್ಲೂ ಒಂದು ಅಕ್ಷರ ಬರೆದಿಲ್ಲ.

ಮಾವನ ಹತ್ತಿರ ಸುಳ್ಳಿರಲಿಲ್ಲ. ಸ್ನೇಹಿತರೂ ಸಾಲ ಇಲ್ಲ ಅಂದಿರಲಿಲ್ಲ. ಆದರೂ ಮೂರು ವರ್ಷದ ಗಡುವು ಮುಗಿದು, ಕೋರ್ಟಿಗೆ ಹೋಗುವ ದಾರಿ ನಾಲ್ಕು ತಿಂಗಳ ಹಿಂದೆಯೇ ಮುಚ್ಚಿಹೋಗಿತ್ತು. ಕೈಸಾಲ, ಜಾಮೀನು, ಅಡಮಾನ, ಭೋಗ್ಯ ಇವುಗಳಲ್ಲಿ ನಮ್ಮ ಜನ ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಮೋಸದಿಂದ ಅಲ್ಲ, ತಾರೀಖಿನಿಂದ ಮತ್ತು ಕೊಡುವ ದಿನ ಮಾಡದೆ ಬಿಟ್ಟ ಸಣ್ಣ ಕೆಲಸಗಳಿಂದ. ಆ ಕೆಲಸಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಾಲ ಕೊಡುವವರಿಗೂ ಬರೆದದ್ದು, ತೆಗೆದುಕೊಳ್ಳುವವರಿಗೂ ಬರೆದದ್ದು.

ಪ್ರೋನೋಟು ಬರೆಸುವುದು

ಅಂಗಡಿಯಲ್ಲಿ ಸಿಗುವ, ಕೇಳಿದಾಗ ಕೊಡುತ್ತೇನೆ ಅನ್ನುವ ಅಚ್ಚಾದ ಆನ್‌ಡಿಮ್ಯಾಂಡ್ ನೋಟು ಸಾಕು, ಸಣ್ಣ ಮೊತ್ತಕ್ಕೆ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಆದರೆ ಅದನ್ನು ತುಂಬುವಾಗ ಅವಸರ ಮಾಡಬೇಡಿ. ಕೊಟ್ಟವರ ಹೆಸರು, ತೆಗೆದುಕೊಂಡವರ ಹೆಸರು, ತಂದೆಯ ಹೆಸರು, ವಿಳಾಸ, ಮೊತ್ತ ಅಂಕೆಯಲ್ಲೂ ಅಕ್ಷರದಲ್ಲೂ, ಬಡ್ಡಿ ಎಷ್ಟು, ತಾರೀಖು, ಊರು. ಬಡ್ಡಿ ದರದ ಜಾಗ ಖಾಲಿ ಬಿಡಬೇಡಿ. ಏನೂ ಬರೆಯದಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ವರ್ಷಕ್ಕೆ ನೂರಕ್ಕೆ 18 ಅನ್ನುತ್ತದೆ. ಆದರೆ ನೀವು ಮಾತಾಡಿಕೊಂಡದ್ದು ಅದಲ್ಲದಿದ್ದರೆ ಸುಮ್ನೆ ಜಗಳಕ್ಕೆ ದಾರಿ.

"ನಿಮಗೆ ಅಥವಾ ನೀವು ಆರ್ಡರ್ ಮಾಡಿದವರಿಗೆ ಕೊಡುತ್ತೇನೆ" ಅನ್ನುವ ಸಾಲು ಅಚ್ಚಿನ ನಮೂನೆಯಲ್ಲಿ ಇರುತ್ತದೆ, ಅದನ್ನು ಹೊಡೆದುಹಾಕಬೇಡಿ. ಕೆಲವರು ಬಿಳಿ ಹಾಳೆಯಲ್ಲಿ ತಾವೇ ಬರೆಯುತ್ತಾರೆ, ಆ ಸಾಲು ಬಿಡುತ್ತಾರೆ, ಕೆಳಗೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸುತ್ತಾರೆ. ಆಗ ಸ್ಟಾಂಪ್ ಕಾನೂನಿನ ಕಣ್ಣಿನಲ್ಲಿ ಅದು ಪ್ರೋನೋಟಲ್ಲ, ಬಾಂಡ್ ಆಗುತ್ತದೆ. ಅದರ ಸ್ಟಾಂಪ್ ಲೆಕ್ಕವೇ ಬೇರೆ. "ಈ ಕಾಗದ ತಂದವರಿಗೆ ಕೊಡುತ್ತೇನೆ" ಅಂತಲೂ ಬರೆಯುವ ಹಾಗಿಲ್ಲ. ಖಾಸಗಿಯವರು ಅಂಥ ನೋಟು ಬರೆಯುವುದನ್ನು ರಿಸರ್ವ್ ಬ್ಯಾಂಕ್ ಕಾಯ್ದೆಯೇ ತಡೆದಿದೆ.

ರೆವಿನ್ಯೂ ಸ್ಟಾಂಪು ಅಂಟಿಸಿ, ಸಹಿ ಅದರ ಮೇಲೆ ಹಾದುಹೋಗುವ ಹಾಗೆ ಹಾಕಿಸಿ. ಒಂದು ರೂಪಾಯಿಯ ಈ ಚೀಟಿ ಬಹಳ ಜನಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಬೇರೆ ದಾಖಲೆಗಳಿಗೆ ಸ್ಟಾಂಪ್ ಕಡಿಮೆ ಇದ್ದರೆ ಆಮೇಲೆ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದು, ಆದರೆ ಪ್ರೋನೋಟಿಗೆ ಆ ಅವಕಾಶ ಇಲ್ಲ. ಸ್ಟಾಂಪಿಲ್ಲದ ನೋಟು ಸಾಕ್ಷ್ಯಕ್ಕೆ ನಿಲ್ಲುವುದಿಲ್ಲ. ಕೆಳಗೆ ಹಣ ಮುಟ್ಟಿದ ರಸೀದಿ ಇದ್ದರೆ ಅದಕ್ಕೂ ಒಂದು ಅಂಟಿಸಿ.

ಹಣ ಬ್ಯಾಂಕಿನ ಮೂಲಕವೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಡುವವರಿಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. "ನಿಮ್ಮ ಹತ್ತಿರ ಅಷ್ಟು ದುಡ್ಡು ಎಲ್ಲಿತ್ತು?" ಅನ್ನುವ ಪ್ರಶ್ನೆ ಪಾಟೀಸವಾಲಿನಲ್ಲಿ ಬಂದೇ ಬರುತ್ತದೆ. 2019ರಲ್ಲಿ ನಮ್ಮ ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಒಂದು ಚೆಕ್ ಕೇಸು ಸೋತದ್ದು ಈ ಪ್ರಶ್ನೆಯ ಮೇಲೆ. ಸಾಲ ಕೊಟ್ಟೆ ಅಂದವರಿಗೆ ಅಷ್ಟು ಕೊಡುವ ಶಕ್ತಿ ಇತ್ತು ಅಂತ ತೋರಿಸಲು ಆಗಲಿಲ್ಲ. ಬ್ಯಾಂಕ್ ಪಾಸ್‌ಬುಕ್ಕಿನ ಒಂದು ಸಾಲು ಈ ಜಗಳವನ್ನೆಲ್ಲ ಮುಗಿಸುತ್ತದೆ.

ಮೂರು ವರ್ಷ, ಮತ್ತು ನೋಟಿನ ಹಿಂಬದಿ

ಇದನ್ನು ನಿಧಾನವಾಗಿ ಓದಿ. ಕೇಳಿದಾಗ ಕೊಡುತ್ತೇನೆ ಅನ್ನುವ ಪ್ರೋನೋಟಿಗೆ ಮೂರು ವರ್ಷದ ಗಡುವು ಶುರುವಾಗುವುದು ನೀವು ಕೇಳಿದ ದಿನದಿಂದಲ್ಲ, ನೋಟು ಬರೆದ ದಿನದಿಂದ. ನಮ್ಮ ಮಾವ ತಿಳಿದುಕೊಂಡಿದ್ದು, ಇನ್ನೂ ಹೆಚ್ಚು ಜನ ತಿಳಿದುಕೊಂಡಿರುವುದು, "ನಾನು ಇನ್ನೂ ಕೇಳೇ ಇಲ್ವಲ್ಲ" ಅಂತ. ನೀವು ಕೇಳಿ ಬಿಡಿ, ಗಡಿಯಾರ ಓಡುತ್ತಲೇ ಇರುತ್ತದೆ.

ಅದನ್ನು ಮತ್ತೆ ಮೊದಲಿನಿಂದ ಓಡಿಸುವ ದಾರಿಗಳು ಎರಡು. ಒಂದು, ಮೂರು ವರ್ಷ ಮುಗಿಯುವ ಮೊದಲು ಸಾಲ ಇರುವುದು ನಿಜ ಅಂತ ಅವರು ಬರೆದು ಸಹಿ ಮಾಡಿಕೊಡುವುದು. ಇನ್ನೊಂದು, ಅಸಲಿಗೋ ಬಡ್ಡಿಗೋ ಸ್ವಲ್ಪ ಹಣ ಕಟ್ಟುವುದು. ಆದರೆ ಕಟ್ಟಿದ್ದು ಅವರ ಕೈಬರಹದಲ್ಲೋ ಅವರ ಸಹಿಯಲ್ಲೋ ಇರಬೇಕು. ಸುಮ್ನೆ ಕೈಗೆ ಕೊಟ್ಟರೆ ಇಲ್ಲ. ಹಳೆಯ ಸಾಹುಕಾರರು ನೋಟಿನ ಹಿಂದೆ ಷರಾ ಬರೆಸುತ್ತಿದ್ದದ್ದು ಇದಕ್ಕೇ. ಬರೆಯುವುದು ಇಷ್ಟೇ: ಈ ನೋಟಿನ ಬಾಬ್ತು ಈ ದಿನ, ಇಂಥ ತಾರೀಖು, 5,000 ರೂಪಾಯಿ ಬಡ್ಡಿಗೆ ಜಮಾ ಮಾಡಿದ್ದೇನೆ. ಕೆಳಗೆ ಸಹಿ. ಅರ್ಧ ನಿಮಿಷದ ಕೆಲಸ. ಬಡ್ಡಿ ಕೊಡಲು ಬಂದವರಿಗೆ ಕಾಫಿ ಕೊಟ್ಟು, ಜೊತೆಗೆ ನೋಟು ಮತ್ತು ಪೆನ್ನು ಮುಂದಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವಾಟ್ಸಾಪ್‌ನಲ್ಲಿ "ಮುಂದಿನ ತಿಂಗಳು ಕೊಡ್ತೀನಿ ಅಣ್ಣ" ಅಂತ ಬಂದ ಮೆಸೇಜನ್ನು ಅಳಿಸದೆ ಇಟ್ಟುಕೊಳ್ಳಿ, ಸಾಕ್ಷಿಗೆ ಉಪಯೋಗ ಬರುತ್ತದೆ. ಅದೊಂದನ್ನೇ ನಂಬಿಕೊಂಡು ಮಾತ್ರ ಮೂರು ವರ್ಷ ದಾಟಿಸಬೇಡಿ.

ದಾಟಿಯೇ ಹೋದರೆ? ಆಗಲೂ ಒಂದು ಬಾಗಿಲಿದೆ. ಅವಧಿ ಮೀರಿದ ಸಾಲವನ್ನು ತೀರಿಸುತ್ತೇನೆ ಅಂತ ಸಾಲಗಾರರು ಹೊಸದಾಗಿ ಬರೆದು ಸಹಿ ಹಾಕಿಕೊಟ್ಟರೆ, 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 25ನೇ ಕಲಂ ಅದನ್ನು ಒಪ್ಪುತ್ತದೆ. ಬಾಯಿಮಾತಿಗೆ ಬೆಲೆ ಇಲ್ಲ, ಬರೆದೇ ಕೊಡಬೇಕು. ಮಾವನ ಜೊತೆ ನಾನೂ ಆ ಸ್ನೇಹಿತರ ಮನೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಹೊಸ ನೋಟು ಓದಿದರು, ಪೆನ್ನು ತೆಗೆದುಕೊಂಡರು. ಒಳಗಿಂದ ಬಂದ ಮಗ "ಅಪ್ಪಾ, ನಾಳೆ ನೋಡೋಣ" ಅಂತ ಅವರ ಕೈಯಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟ. ಆ ನಾಳೆ ಬರಲೇ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ಒಂದು ಮಾತೂ ಆಡಲಿಲ್ಲ.

ಆದ್ದರಿಂದ ನೋಟು ಬರೆಸಿದ ದಿನವೇ ಫೋನಿನಲ್ಲಿ ಎರಡೂವರೆ ವರ್ಷದ ನಂತರದ ತಾರೀಖಿಗೆ ಅಲಾರಂ ಇಡಿ. ಆ ದಿನ ಒಂದೋ ಷರಾ ಆಗಬೇಕು, ಇಲ್ಲ ಹೊಸ ನೋಟಾಗಬೇಕು, ಇಲ್ಲ ವಕೀಲರ ನೋಟಿಸು ಹೋಗಬೇಕು.

ಚೆಕ್ಕು: ದಿನಗಳ ಲೆಕ್ಕ ತಪ್ಪಿದರೆ ಕೇಸು ತಪ್ಪಿತು

ಭದ್ರತೆಗೆ ಅಂತ ತೆಗೆದುಕೊಂಡ ಚೆಕ್ಕಿಗೆ ಬೆಲೆ ಇಲ್ಲ ಅನ್ನುವ ಮಾತು ಊರೆಲ್ಲ ಓಡಾಡುತ್ತದೆ. ಅದು ಸರಿಯಲ್ಲ. ಚೆಕ್ಕು ಬ್ಯಾಂಕಿಗೆ ಹಾಕಿದ ದಿನ ಸಾಲ ನಿಜವಾಗಿ ಬಾಕಿ ಇದ್ದು, ಕೊಡಬೇಕಾದ ವಾಯಿದೆ ಬಂದಿದ್ದರೆ, ಹಣವಿಲ್ಲದೆ ಚೆಕ್ಕು ವಾಪಸಾಗುವುದು ಅಪರಾಧ ಅನ್ನುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟು ಒಂದಕ್ಕಿಂತ ಹೆಚ್ಚು ಸಲ ಹೇಳಿದೆ. ಬರೀ ಸಹಿ ಹಾಕಿ ಖಾಲಿ ಚೆಕ್ಕು ಕೊಟ್ಟವರಿಗೂ ಅದೇ 2019ರ ಇನ್ನೊಂದು ಕೇಸಿನ ತೀರ್ಪು ರಿಯಾಯಿತಿ ಕೊಡಲಿಲ್ಲ. ಬೇರೆಯವರು ತುಂಬಿದರೂ ಸಹಿ ನಿಮ್ಮದೇ ಆದರೆ, ಸಾಲ ಇತ್ತು ಅಂತಲೇ ಕೋರ್ಟು ಶುರುಮಾಡುತ್ತದೆ. ಇಲ್ಲ ಅಂತ ತೋರಿಸುವ ಹೊಣೆ ನಿಮ್ಮದು. ಹಾಗಾಗಿ ಸಾಲ ತೆಗೆದುಕೊಳ್ಳುವವರೇ, ಖಾಲಿ ಚೆಕ್ಕು ಕೊಡಬೇಡಿ. ಕೊಡಲೇಬೇಕಾದರೆ ಮೊತ್ತ ಬರೆದು ಕೊಡಿ, ಚೆಕ್ ನಂಬರನ್ನು ಕರಾರಿನಲ್ಲಿ ಬರೆಸಿ.

ಇನ್ನು ದಿನಗಳು. ಚೆಕ್ಕಿನ ಆಯುಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು, ಮೊದಲಿನ ಹಾಗೆ ಆರು ತಿಂಗಳಲ್ಲ, 2012ರ ಏಪ್ರಿಲ್‌ನಿಂದ ಬದಲಾಗಿದೆ. ಚೆಕ್ಕು ವಾಪಸಾಯಿತು ಅಂತ ಬ್ಯಾಂಕಿನ ಮೆಮೊ ನಿಮ್ಮ ಕೈಗೆ ಬಂದದ್ದು ಮಾರ್ಚ್ 5 ಅಂದುಕೊಳ್ಳಿ. ಅಲ್ಲಿಂದ 30 ದಿನದೊಳಗೆ, ಅಂದರೆ ಏಪ್ರಿಲ್ 4ರೊಳಗೆ, ಚೆಕ್ಕಿನ ಮೊತ್ತ ಕೊಡಿ ಅಂತ ಬರವಣಿಗೆಯಲ್ಲಿ ನೋಟಿಸು ಹೋಗಬೇಕು. ನೋಟಿಸು ಅವರಿಗೆ ಏಪ್ರಿಲ್ 10ಕ್ಕೆ ತಲುಪಿದರೆ 25ರವರೆಗೆ ಅವರಿಗೆ ಸಮಯ. ಅಷ್ಟರಲ್ಲಿ ಕೊಡದಿದ್ದರೆ ಅದಾದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು ಹಾಕಬೇಕು, ಮೇ 25 ದಾಟಿಸಬೇಡಿ. ಏಪ್ರಿಲ್ 25ಕ್ಕೆ ಮೊದಲೇ ಅವಸರಪಟ್ಟು ಹಾಕಿದರೂ ಕೇಸು ನಿಲ್ಲುವುದಿಲ್ಲ. ನೋಟಿಸಿಗೆ 30 ದಿನ ತಪ್ಪಿಹೋಯಿತು, ಆದರೆ ಚೆಕ್ಕಿಗೆ ಇನ್ನೂ ಆಯುಸ್ಸಿದೆ ಅಂದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಮತ್ತೆ ವಾಪಸಾದರೆ ಲೆಕ್ಕ ಹೊಸದಾಗಿ ಶುರು.

ಮೆಮೊ ಜೊತೆ ಬರುವ ಕವರನ್ನೂ ಬಿಸಾಡಬೇಡಿ. ನೋಟಿಸು ಕಳಿಸಿದ ಅಂಚೆ ರಸೀದಿ, ತಲುಪಿದ್ದಕ್ಕೆ ಸ್ವೀಕೃತಿ, ಅಂಚೆ ಇಲಾಖೆಯ ಟ್ರ್ಯಾಕಿಂಗ್ ಪುಟದ ಪ್ರಿಂಟು, ಎಲ್ಲ ಒಂದೇ ಫೈಲಿನಲ್ಲಿರಲಿ. ದೂರು ಹಾಕುವುದು ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ, 2015ರಿಂದ ಹಾಗೆ. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಚೆಕ್ಕಿನ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಕೇಸು ನಡೆಯುವಾಗಲೇ ನೂರಕ್ಕೆ 20ರವರೆಗೆ ಮಧ್ಯಂತರ ಪರಿಹಾರ ಕೇಳಬಹುದು.

ತುಂಬಾ ಜನ ಎಡವುವ ಒಂದು ಜಾಗ ಇದೆ. ಎರಡು ಲಕ್ಷದ ಚೆಕ್ಕು ನಿಮ್ಮ ಹತ್ತಿರ ಇದೆ, ನಡುವೆ ಅವರು ಐವತ್ತು ಸಾವಿರ ಕೊಟ್ಟಿದ್ದಾರೆ, ನೀವು ಪೂರ್ತಿ ಎರಡು ಲಕ್ಷಕ್ಕೆ ಚೆಕ್ಕು ಹಾಕುತ್ತೀರಿ. ಕೇಸು ಬಿದ್ದುಹೋಗುತ್ತದೆ, 2022ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸಿ ಉಳಿದದ್ದಕ್ಕೆ ಮಾತ್ರ ಹಾಕಬೇಕು. ಅದಕ್ಕಿಂತ ಸುಲಭ, ಬಾಕಿ ಮೊತ್ತಕ್ಕೆ ಹೊಸ ಚೆಕ್ಕು ತೆಗೆದುಕೊಂಡು ಹಳೆಯದನ್ನು ವಾಪಸು ಕೊಡುವುದು.

ಇನ್ನೊಂದು ಮಾತು. ಚೆಕ್ ಕೇಸು ನಡೀತಾ ಇದೆ ಅಂತ ಹಣ ವಸೂಲಿಯ ಸಿವಿಲ್ ದಾವೆಯ ಮೂರು ವರ್ಷ ನಿಂತುಕೊಳ್ಳುವುದಿಲ್ಲ. ಎರಡೂ ಬೇರೆ ಬೇರೆ ದಾರಿ.

ಜಾಮೀನು ಹಾಕುವ ಮೊದಲು

"ಸುಮ್ನೆ ಒಂದು ಸೈನು ಹಾಕು ಮಾರಾಯ" ಅಂತ ಕರೆದುಕೊಂಡು ಹೋಗುತ್ತಾರೆ. ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ದೊಡ್ಡದು, ಕಾಂಟ್ರ್ಯಾಕ್ಟ್ ಕಾಯ್ದೆಯ 128ನೇ ಕಲಂ. ಮೊದಲು ಅವನನ್ನು ಕೇಳಿ, ಅವನ ಆಸ್ತಿ ಮಾರಿ, ಆಮೇಲೆ ನನ್ನ ಹತ್ತಿರ ಬನ್ನಿ ಅನ್ನುವ ಹಕ್ಕು ನಿಮಗಿಲ್ಲ. ಸಾಲ ಕೊಟ್ಟವರು ಸೀದಾ ನಿಮ್ಮ ಮೇಲೆಯೇ ಬರಬಹುದು. ಕರಾರಿನಲ್ಲಿ ಮೊತ್ತಕ್ಕೆ ಒಂದು ಮಿತಿ ಬರೆಸಿದರೆ ಆ ಮಿತಿಗೆ ನಿಲ್ಲುತ್ತದೆ, ಆದ್ದರಿಂದ ಸಹಿಗೆ ಮೊದಲು ಅದನ್ನು ಕೇಳಿ ಹಾಕಿಸಿ.

ನಿಮ್ಮನ್ನು ಬಿಡಿಸುವ ಕಲಂಗಳೂ ಇವೆ. ನಿಮಗೆ ಹೇಳದೆ ಸಾಲದ ಷರತ್ತು ಬದಲಾಯಿಸಿದರೆ, ಬದಲಾದ ಮೇಲಿನ ವ್ಯವಹಾರಕ್ಕೆ ನೀವು ಹೊಣೆಯಲ್ಲ. ಸಾಲಗಾರರು ಒತ್ತೆ ಇಟ್ಟಿದ್ದ ಒಡವೆಯನ್ನೋ ವಾಹನವನ್ನೋ ನಿಮ್ಮನ್ನು ಕೇಳದೆ ಬಿಟ್ಟುಕೊಟ್ಟರೆ ಅದರ ಬೆಲೆಯಷ್ಟು ನಿಮ್ಮ ಹೊಣೆ ಇಳಿಯುತ್ತದೆ. ಆದರೆ ಬ್ಯಾಂಕುಗಳ ಅಚ್ಚಿನ ಜಾಮೀನು ಪತ್ರಗಳಲ್ಲಿ ಈ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಅನ್ನುವ ಸಾಲುಗಳು ಸಾಮಾನ್ಯ. ಸಣ್ಣ ಅಕ್ಷರ ಅಂತ ಬಿಡಬೇಡಿ, ಓದಿ.

ಚಿನ್ನ, ಗಾಡಿ, ಷೇರು

ಚಿನ್ನ ಗಿರವಿ ಇಡುವುದಾದರೆ ತೂಕದ ಚೀಟಿ, ಪ್ರತಿ ಒಡವೆಯ ಫೋಟೊ, ಕಲ್ಲಿನ ತೂಕ ಕಳೆದದ್ದೆಷ್ಟು ಅನ್ನುವುದು, ಮೂರೂ ಇಟ್ಟುಕೊಳ್ಳಿ. ಒತ್ತೆ ಇಟ್ಟುಕೊಂಡವರು ಮಾರುವ ಮೊದಲು ಸಾಕಷ್ಟು ಸಮಯ ಕೊಟ್ಟು ನೋಟಿಸು ಕೊಡಲೇಬೇಕು. ವಾಯಿದೆ ದಾಟಿದ್ದರೂ ಮಾರಾಟ ಆಗುವ ಗಳಿಗೆಯವರೆಗೆ ಹಣ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ನಿಮ್ಮದು. ಮಾರಿ ಉಳಿದ ಹಣವೂ ನಿಮ್ಮದೇ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊಸ ನಿಯಮ ಹೊರಡಿಸಿದೆ. ಸಾಲ ಪೂರ್ತಿ ತೀರಿದರೆ ಹೆಚ್ಚೆಂದರೆ ಏಳು ಕೆಲಸದ ದಿನದೊಳಗೆ ಒಡವೆ ವಾಪಸು ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು.

ಹಳೆ ಗಾಡಿ ಕೊಳ್ಳುವಾಗ ಆರ್‌ಸಿಯಲ್ಲಿ ಸಾಲದ ನಮೂದು, ಜನ ಎಚ್‌ಪಿ ಅನ್ನುತ್ತಾರಲ್ಲ, ಅದು ಇದೆಯಾ ನೋಡಿ. ಇದ್ದರೆ ಅದನ್ನು ತೆಗೆಸಿದ ಮೇಲೆಯೇ ಪೂರ್ತಿ ಹಣ ಕೊಡಿ.

ಡಿಮ್ಯಾಟ್ ಷೇರು ಒತ್ತೆ ಇಡುವಾಗ ಬೇರೆ ಕಾಗದದಲ್ಲಿ ಬರೆದುಕೊಟ್ಟರೆ ಸಾಲದು, ಷೇರುಗಳ ಲೆಕ್ಕ ಇಡುವ ಸಂಸ್ಥೆಯಾದ ಡಿಪಾಸಿಟರಿಯ ದಾಖಲೆಯಲ್ಲೇ ಒತ್ತೆ ನಮೂದಾಗಬೇಕು. ಒತ್ತೆ ಇಟ್ಟುಕೊಂಡವರ ಹೆಸರಿಗೆ ಷೇರು ಹೋದ ಮಾತ್ರಕ್ಕೆ ಅದು ಮಾರಾಟ ಆದಂತಲ್ಲ, ಬೇರೆಯವರಿಗೆ ಮಾರುವ ತನಕ ಬಿಡಿಸಿಕೊಳ್ಳಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ.

ಮನೆ, ಜಮೀನು, ಭೋಗ್ಯ

ಪತ್ರ ಇಟ್ಟುಕೊಂಡು ದುಡ್ಡು ಕೊಟ್ಟಿದ್ದೀನಿ ಅಂತ ಹಳ್ಳಿ ಕಡೆ ಬಹಳ ಕೇಳುತ್ತೇವೆ. ಒರಿಜಿನಲ್ ಕ್ರಯಪತ್ರ ನಿಮ್ಮ ಬೀರುವಿನಲ್ಲಿದ್ದ ಮಾತ್ರಕ್ಕೆ ಆ ಜಮೀನಿನ ಮೇಲೆ ನಿಮಗೆ ಹಕ್ಕು ಬರುವುದಿಲ್ಲ. ಪತ್ರ ಇಟ್ಟು ಅಡಮಾನ ಮಾಡುವುದು ಸರ್ಕಾರ ಅದಕ್ಕೆ ಅಂತ ಪ್ರಕಟಿಸಿದ ಊರುಗಳಲ್ಲಿ ಮಾತ್ರ ಆಗುತ್ತದೆ. ಉಳಿದ ಕಡೆ ಅಡಮಾನ ಪತ್ರ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಖರ್ಚಾಗುತ್ತದೆ, ನಿಜ. ಆದರೆ ಆಗ ಆಸ್ತಿಯಿಂದ ಹಣ ವಸೂಲಿಗೆ ನಿಮಗೆ ಮೂರು ವರ್ಷದ ಬದಲು ಹನ್ನೆರಡು ವರ್ಷ ಸಿಗುತ್ತದೆ, ಆಸ್ತಿಯ ನೋಂದಾಯಿತ ವಹಿವಾಟು ತೋರಿಸುವ ಋಣಭಾರ ಪತ್ರದಲ್ಲಿ (ಇಸಿ) ನಿಮ್ಮ ಹೆಸರು ಕಾಣುತ್ತದೆ, ನಿಮಗೆ ಗೊತ್ತಿಲ್ಲದೆ ಮಾರಿದರೂ ಕೊಂಡವರು ನಿಮ್ಮ ಸಾಲದ ಸಮೇತವೇ ಕೊಂಡಂತೆ.

ಸಾಲ ತೆಗೆದುಕೊಳ್ಳುವವರಿಗೆ ಒಂದೇ ಮಾತು, ದಯವಿಟ್ಟು ನೆನಪಿಡಿ. ಭದ್ರತೆಗೆ ಅಂತ ಕ್ರಯಪತ್ರ ನೋಂದಣಿ ಮಾಡಿಕೊಡಬೇಡಿ. "ದುಡ್ಡು ಕೊಟ್ಟ ದಿನ ವಾಪಸು ಮಾಡಿಕೊಡ್ತೀವಿ" ಅನ್ನುತ್ತಾರೆ, ಬೇರೆ ಕಾಗದದಲ್ಲಿ ಬರೆದೂ ಕೊಡುತ್ತಾರೆ. ವಾಪಸು ಮಾರುವ ಷರತ್ತು ಅದೇ ಕ್ರಯಪತ್ರದ ಒಳಗೆ ಇಲ್ಲದಿದ್ದರೆ ಕಾನೂನು ಅದನ್ನು ಅಡಮಾನ ಅಂತ ನೋಡುವುದಿಲ್ಲ, ಮಾರಾಟ ಅಂತಲೇ ನೋಡುತ್ತದೆ. ಹತ್ತು ಗುಂಟೆ ಅಡಿಕೆ ತೋಟ ಎರಡು ಲಕ್ಷದ ಸಾಲಕ್ಕೆ ಹೋಗಿಬಿಡುವುದು ಹೀಗೆ. ಕೊಡುವವರಿಗೂ ಇದು ಒಳ್ಳೆಯದಲ್ಲ. ಸಾಲಕ್ಕೆ ಭದ್ರತೆಯಾಗಿ ಬರೆಸಿಕೊಂಡ ಕ್ರಯದ ಕರಾರು ಇಟ್ಟುಕೊಂಡು ಆಸ್ತಿ ನೋಂದಣಿ ಮಾಡಿಕೊಡಿ ಅಂತ ದಾವೆ ಹಾಕಿದರೆ, ಇದು ಸಾಲ ಅಂತ ಕೋರ್ಟಿಗೆ ಅನ್ನಿಸಿದ ದಿನ ಸಿಗುವುದು ಆಸ್ತಿಯಲ್ಲ, ಹೆಚ್ಚೆಂದರೆ ಹಣ.

ಬೆಂಗಳೂರಿನಲ್ಲಿ ಭೋಗ್ಯಕ್ಕೆ, ಅಂದರೆ ತಿಂಗಳ ಬಾಡಿಗೆ ಬದಲು ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ಬಿಡುವಾಗ ವಾಪಸು ಪಡೆಯುವ ಕರಾರಿಗೆ, ಮನೆ ಹಿಡಿಯುವವರ ಕಷ್ಟ ಇನ್ನೂ ದೊಡ್ಡದು. ನಮ್ಮ ಪರಿಚಯದ ಒಂದು ಕುಟುಂಬ ಹನ್ನೆರಡು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಎರಡು ಬೆಡ್‌ರೂಮಿನ ಮನೆ ಹಿಡಿದರು. ಕರಾರು ನೋಟರಿ ಮುಂದೆ ಆಯಿತು, ನೋಂದಣಿ ಆಗಲಿಲ್ಲ. ಹದಿನಾಲ್ಕನೇ ತಿಂಗಳು ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ ಗೇಟಿನ ಮೇಲೆ ಬ್ಯಾಂಕಿನ ನೋಟಿಸು ಅಂಟಿಸಿದೆ. ಮಾಲೀಕರು ಆ ಮನೆಯ ಮೇಲೆ ಸಾಲ ತೆಗೆದು ಕಂತು ಕಟ್ಟಿರಲಿಲ್ಲ. ಆ ಕುಟುಂಬದಾಕೆ ನೋಟಿಸಿನ ಫೋಟೊ ಕಳಿಸಿ "ಅಣ್ಣಾ, ನಮ್ಮ ಹನ್ನೆರಡು ಲಕ್ಷ ಯಾರು ಕೊಡ್ತಾರೆ?" ಅಂತ ಕೇಳಿದರು. ಉತ್ತರ ಹೇಳುವುದು ಸುಲಭ ಆಗಿರಲಿಲ್ಲ. ಮಾಲೀಕರ ಮೇಲೆ ಹಣಕ್ಕೆ ದಾವೆ ಹಾಕಬಹುದು. ಆದರೆ ಬ್ಯಾಂಕಿನ ಅಡಮಾನ ಮೊದಲಿನದು. ನೋಂದಣಿ ಇಲ್ಲದ ಮೂರು ವರ್ಷದ ಕರಾರು ತೋರಿಸಿ ಬ್ಯಾಂಕನ್ನು ತಡೆಯುವುದು ಆಗುವುದಿಲ್ಲ.

ಭೋಗ್ಯಕ್ಕೆ ಹೋಗುವ ಮೊದಲು ಮಾಡುವುದು ಹೀಗೆ. ಮನೆಯ ಒರಿಜಿನಲ್ ಕ್ರಯಪತ್ರ ತೋರಿಸಿ ಅಂತ ಕೇಳಿ. ಈಗಿನ ಕಲರ್ ಜೆರಾಕ್ಸು ಅಸಲಿಯ ಹಾಗೇ ಇರುತ್ತದೆ, ಹಾಳೆಯನ್ನು ತಿರುಗಿಸಿ ಸಹಿ, ಹೆಬ್ಬೆಟ್ಟು, ಸೀಲಿನ ಶಾಯಿ ನೋಡಿ, ಪೆನ್ನು ಒತ್ತಿದ ಗುರುತು ಬೆರಳಿಗೆ ಸಿಗುತ್ತದಾ ನೋಡಿ. ಒರಿಜಿನಲ್ ಊರಲ್ಲಿದೆ, ಲಾಕರಿನಲ್ಲಿದೆ, ತಮ್ಮನ ಹತ್ತಿರ ಇದೆ ಅಂದರೆ, ಬ್ಯಾಂಕಿನಲ್ಲಿದೆ ಅಂತಲೇ ಅಂದುಕೊಂಡು ಮುಂದೆ ವಿಚಾರಿಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಋಣಭಾರ ಪತ್ರ ತೆಗೆಸಿ, ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಅದರಲ್ಲಿ ಕಾಣುವುದು ನೋಂದಣಿ ಆದದ್ದು ಮಾತ್ರ. ಪತ್ರ ಇಟ್ಟು ಮಾಡಿದ ಬ್ಯಾಂಕ್ ಸಾಲ ತಪ್ಪಿಸಿಕೊಳ್ಳಬಹುದು. ಅದಕ್ಕೆ ಸೆರ್ಸಾಯ್ ಅನ್ನುವ ಕೇಂದ್ರ ದಾಖಲೆ ಇದೆ, 2011ರಲ್ಲಿ ಶುರುವಾದದ್ದು, ಬ್ಯಾಂಕುಗಳು ಆಸ್ತಿಯ ಮೇಲಿನ ಸಾಲವನ್ನು ಅಲ್ಲಿ ನಮೂದಿಸಬೇಕು. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ನನ್ನ ಅನುಭವದಲ್ಲಿ ಭೋಗ್ಯಕ್ಕೆ ಹೋಗುವವರಲ್ಲಿ ಇದನ್ನು ನೋಡುವವರು ತೀರಾ ಕಡಿಮೆ.

ಸಾಲ ಇದೆ ಅಂತ ಗೊತ್ತಾದರೆ ಬ್ಯಾಂಕಿನ ಒಪ್ಪಿಗೆ ಪತ್ರ ತರಲು ಹೇಳಿ. ತರುವುದಿಲ್ಲ ಅಂದರೆ ಆ ಮನೆ ಬಿಡಿ, ಬಾಡಿಗೆ ಉಳಿಯುತ್ತೆ ಅನ್ನುವ ಆಸೆಗೆ ಜೀವಮಾನದ ಉಳಿತಾಯ ಇಡಬೇಡಿ. ಎಲ್ಲ ಸರಿ ಇದ್ದರೆ ಸ್ವಾಧೀನ ಸಹಿತ ಅಡಮಾನ ಅಂತ ಪತ್ರ ಮಾಡಿಸಿ ನೋಂದಾಯಿಸಿ. ಆಗ ಹಣ ಕೈಗೆ ಬರುವ ತನಕ ಮನೆ ನಿಮ್ಮ ಸ್ವಾಧೀನದಲ್ಲಿ ಉಳಿಸಿಕೊಳ್ಳುವ ಹಕ್ಕು ಕಾಗದದಲ್ಲೇ ಇರುತ್ತದೆ. ಹಣ ಬ್ಯಾಂಕಿನ ಮೂಲಕ ಕೊಡಿ, ವಾಪಸು ಕೊಡುವ ತಾರೀಖು ಬರೆಸಿ. ಬಿಡುವ ದಿನ ಹಣ ಖಾತೆಗೆ ಬಂದ ಮೇಲೆಯೇ ಕೀಲಿ ಕೊಡಿ.

ಮಾತು ಮುರಿದರೆ ಏನು ಕೇಳಬಹುದು

ಕರಾರುಗಳಲ್ಲಿ "ತಪ್ಪಿದರೆ ಎರಡರಷ್ಟು ಕೊಡತಕ್ಕದ್ದು" ಅಂತ ಬರೆಯುವುದು ನಮ್ಮಲ್ಲಿ ವಾಡಿಕೆ. ಅಷ್ಟೂ ಸಿಗುತ್ತೆ ಅಂತ ನಂಬಬೇಡಿ. ಕಾಂಟ್ರ್ಯಾಕ್ಟ್ ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದದ್ದೆಷ್ಟು ಅನ್ನುವುದನ್ನು ಕೋರ್ಟು ನೋಡುತ್ತದೆ. ಮೊತ್ತ ಬರೆದಿಲ್ಲದಿದ್ದರೆ 73ನೇ ಕಲಂ, ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟ, ಮತ್ತು ಹೀಗಾಗಬಹುದು ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದ ನಷ್ಟ. ನಷ್ಟ ಕಡಿಮೆ ಮಾಡಿಕೊಳ್ಳಲು ನೀವೇನು ಮಾಡಿದಿರಿ ಅಂತಲೂ ಕೇಳುತ್ತಾರೆ, ಕೈಕಟ್ಟಿ ಕೂತವರಿಗೆ ಪೂರ್ತಿ ಸಿಗುವುದಿಲ್ಲ.

ಮನೆ ಕಟ್ಟುವ ಕಂಟ್ರಾಕ್ಟರು ಅರ್ಧಕ್ಕೆ ಬಿಟ್ಟುಹೋದರೆ ಉಪಯೋಗಕ್ಕೆ ಬರುವ ದಾರಿ ಒಂದು 2018ರಿಂದ ತೆರೆದಿದೆ. 30 ದಿನಕ್ಕೆ ಕಡಿಮೆಯಿಲ್ಲದ ಲಿಖಿತ ನೋಟಿಸು ಕೊಟ್ಟು, ಅಷ್ಟರಲ್ಲಿ ಮಾಡದಿದ್ದರೆ ಬೇರೆಯವರಿಂದ ಕೆಲಸ ಮುಗಿಸಿ ಆ ಖರ್ಚನ್ನು ಅವರಿಂದ ವಸೂಲಿ ಮಾಡಬಹುದು. ನೋಟಿಸು ಕೊಡದೆ ಸಿಟ್ಟಿನಲ್ಲಿ ಮಾರನೇ ದಿನವೇ ಬೇರೆ ಮೇಸ್ತ್ರಿ ಕರೆದರೆ ಈ ಹಕ್ಕು ಹೋಗುತ್ತದೆ. ಬಿಟ್ಟುಹೋದ ಕೆಲಸದ ಫೋಟೊ ತಾರೀಖಿನ ಸಮೇತ ತೆಗೆದಿಡಿ.

ಕೋರ್ಟಿಗೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟು ನೋಡಿ, ದಾವೆ ಹೂಡುವ ಮೊದಲೇ ಲೋಕ ಅದಾಲತ್‌ಗೆ ಕಳಿಸುತ್ತಾರೆ. ಅಲ್ಲಿ ರಾಜಿ ಆದರೆ ಅದು ಡಿಕ್ರಿಗೆ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ ಆದೇಶಕ್ಕೆ ಸಮ, ಮೇಲ್ಮನವಿ ಇಲ್ಲ. ಸಣ್ಣ ಸಾಲಕ್ಕೆ ಇದಕ್ಕಿಂತ ಬೇಗದ ದಾರಿ ನಾನು ನೋಡಿಲ್ಲ.

ಬಡ್ಡಿ ವ್ಯವಹಾರವನ್ನೇ ಕಸುಬು ಮಾಡಿಕೊಂಡವರಿಗೆ 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆ ಪ್ರಕಾರ ಲೈಸೆನ್ಸು ಬೇಕು, ಅದಿಲ್ಲದೆ ಡಿಕ್ರಿ ಸಿಗುವುದಿಲ್ಲ. ಮೀಟರ್ ಬಡ್ಡಿ ತಡೆಯಲು 2004ರ ಕಾನೂನಿದೆ. ಮನೆ ಮುಂದೆ ಕೂತು ಬೈದು, ಸಾಮಾನು ಎತ್ತಿಕೊಂಡು ಹೋಗುವವರ ವಿರುದ್ಧ 2025ರಲ್ಲಿ ಕಿರುಸಾಲ ಮತ್ತು ಸಣ್ಣಸಾಲದ ಕಾನೂನು ಬಂದಿದೆ, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಸಾಲ ತೆಗೆದುಕೊಂಡದ್ದು ಅಪರಾಧವಲ್ಲ, ಹೆದರಿ ಊರು ಬಿಡಬೇಡಿ, ಪೊಲೀಸರಿಗೆ ಬರೆದು ಕೊಡಿ.

ಸಾಲ ತೀರಿದ ದಿನ

ಕೊನೆಯ ಕಂತು ಕೊಟ್ಟು ಕೈಮುಗಿದು ಬಂದುಬಿಡುತ್ತಾರೆ, ಕಾಗದ ಅಲ್ಲೇ ಉಳಿಯುತ್ತದೆ. ಹಾಗೆ ಬರಬೇಡಿ. ಪ್ರೋನೋಟು ವಾಪಸು ತೆಗೆದುಕೊಂಡು, ಅಸಲು ಬಡ್ಡಿ ಪೂರ್ತಿ ಸಂದಾಯವಾಗಿದೆ ಅಂತ ಅದರ ಮೇಲೆ ಅವರ ಸಹಿ ಹಾಕಿಸಿ. ಭದ್ರತೆಗೆ ಕೊಟ್ಟ ಚೆಕ್ಕುಗಳನ್ನು ನಂಬರ್ ನೋಡಿ ಎಣಿಸಿ ತನ್ನಿ. ಚೆಕ್ಕು ಕಳೆದುಹೋಗಿದೆ ಅಂದರೆ ಆ ಮಾತನ್ನೇ ಬರೆಸಿಕೊಂಡು, ನಕಲನ್ನು ಬ್ಯಾಂಕಿಗೆ ಕೊಟ್ಟು ಪಾವತಿ ನಿಲ್ಲಿಸಿ. ಗಾಡಿಯಾದರೆ ಫೈನಾನ್ಸಿನವರಿಂದ ನಮೂನೆ 35ಕ್ಕೆ ಸಹಿ ತಂದು ಆರ್‌ಟಿಒ ದಾಖಲೆಯಲ್ಲಿ ಎಚ್‌ಪಿ ತೆಗೆಸಿ. ನೋಂದಾಯಿತ ಅಡಮಾನವಾದರೆ ಬಿಡುಗಡೆ ಪತ್ರವೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಇಲ್ಲದಿದ್ದರೆ ಮುಂದೆ ಮಕ್ಕಳು ಮಾರಲು ಹೋದಾಗ ತೀರಿಹೋದ ಸಾಲ ಋಣಭಾರ ಪತ್ರದಲ್ಲಿ ಎದ್ದು ಕಾಣುತ್ತದೆ. ಬ್ಯಾಂಕಿನ ಮನೆ ಸಾಲವಾದರೆ, ಪೂರ್ತಿ ತೀರಿದ 30 ದಿನದೊಳಗೆ ಒರಿಜಿನಲ್ ಪತ್ರಗಳನ್ನು ವಾಪಸು ಕೊಡಬೇಕು, ಅವರಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅಂತ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ತೆಗೆಯುವಾಗ ಯಾವ ಯಾವ ಪತ್ರ ಕೊಟ್ಟಿರಿ ಅನ್ನುವ ಪಟ್ಟಿಯನ್ನು ಬ್ಯಾಂಕಿನ ಸೀಲು ಹಾಕಿಸಿ ಇಟ್ಟುಕೊಂಡಿದ್ದರೆ, ಆ ದಿನ ಕೌಂಟರಿನಲ್ಲಿ ನಿಂತು ಒಂದೊಂದಕ್ಕೂ ಟಿಕ್ಕು ಹಾಕಿ ತೆಗೆದುಕೊಳ್ಳಬಹುದು.